ಕಪ್ಪೆ ಕುಳಿತ ಹಾಗೆ ಒಂದು ಕಾರು

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ, ನಿಪ್ಪಾಣಿ ದಾಟಿದ ಮೇಲೆ, ತವಂದಿ ಘಾಟಿನ ಬುಡದ ಒಂದು ಚಹಾದಂಗಡಿಯ ಮುಂದೆ ವಿಚಿತ್ರವಾದ ಒಂದು ಕಾರು ಬಂದು ನಿಂತಿತೆಂದು ಇಟ್ಟುಕೊಳ್ಳಿ. ಎತ್ತರ ಆಳಿನ ಎದೆಮಟ್ಟ. ಅಗಲ ಮಾತ್ರ ಎರಡು ಎತ್ತು ಜೋಡಿಯಾಗಿ ನಿಂತಷ್ಟು. ಬಾಗಿಲು ಎರಡೇ, ಸೀಟೂ ಎರಡೇ. ಐದು ನಿಮಿಷದಲ್ಲಿ ಸುತ್ತ ಜನ ನೆರೆಯುತ್ತಾರೆ. ಮಾಲೀಕ ಚಹಾ ಕುಡಿದು ಮುಗಿಸುವುದರೊಳಗೆ ತೀರ್ಪುಗಳೆಲ್ಲ ಹೊರಬಿದ್ದಿರುತ್ತವೆ.

"ಕಪ್ಪಿ ಕುಂತಂಗ ಕುಂತೈತಲ್ಲೋ ಇದು!" ಎನ್ನುತ್ತಾನೆ ಕಬ್ಬಿನ ಟ್ರ್ಯಾಕ್ಟರ್ ಓಡಿಸುವವ. "ಛಲೋ ಐತಿ, ಆದ್ರ ನಮ್ಮೂರ ಹಂಪಿಗಿ ಹೊಟ್ಟಿ ಹತ್ತತೈತಿ" ಎಂಬುದು ಗ್ಯಾರೇಜಿನ ಮಿಸ್ತ್ರಿಯ ಮಾತು. "ಬಾಯಿ ನೋಡ್ರಿ, ನುಂಗಾಕ ಬಂದಂಗ ಐತಿ" ಎಂದು ಒಬ್ಬರು, "ಬಾಜೂಕ ಮೀನಿನ ಕಿವಿರ ಇದ್ದಂಗ ಅದಾವಲ್ಲ, ಅವು ಯಾಕ?" ಎಂದು ಇನ್ನೊಬ್ಬರು. ಹಿರಿಯರೊಬ್ಬರು ಬೆಲೆ ಕೇಳಿ ತಲೆ ಕೊಡವುತ್ತಾರೆ: "ಮೂವತ್ತೈದ ಲಕ್ಷಕ್ಕ ಎರಡ ಸೀಟು? ಅಷ್ಟರಾಗ ಮೂರು ಟ್ರ್ಯಾಕ್ಟರ ಬರ್ತಾವ."

ಗುಂಪಿನ ಹಿಂದೆ ಹತ್ತನೆಯ ತರಗತಿಯ ಹುಡುಗನೊಬ್ಬ ಇದ್ದಾನೆ. ಅವನು ಮಾತಾಡುವುದಿಲ್ಲ, ನೋಡುತ್ತಾನೆ. ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಅವನು ಬರೆದ ಕಾರುಗಳೇ ಇವೆ. ಇಂತಹ ಹುಡುಗ, ಈಚೆಗೆ ಇಂತಹ ಹುಡುಗಿ ಕೂಡ, ಚಿಕ್ಕೋಡಿಯಿಂದ ಕಾಗವಾಡದವರೆಗೆ ಯಾವ ಶಾಲೆಯಲ್ಲಿ ಹುಡುಕಿದರೂ ವರ್ಗಕ್ಕೊಬ್ಬರು ಸಿಕ್ಕುತ್ತಾರೆ. ಮನೆಯಲ್ಲಿ ಆ ಹಾಳೆಗಳನ್ನು ಕಂಡಾಗ ಬರುವ ಮಾತೂ ಎಲ್ಲ ಊರಲ್ಲೂ ಒಂದೇ.

ಈಗ ಪ್ರಶ್ನೆ ಇದು. ಚಹಾದಂಗಡಿಯ ಮುಂದೆ ಕೇಳಿಬಂದ ಆ ಮಾತುಗಳಲ್ಲಿ ಬರೀ ಅಭಿರುಚಿ ಯಾವುದು, ಅಳೆದು ನೋಡಬಹುದಾದದ್ದು ಯಾವುದು? ಚೆಂದ–ವಿಕಾರ ಎಂಬುದು ಅವರವರ ಕಣ್ಣಿಗೆ ಬಿಟ್ಟದ್ದು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಕಾರಿನ ಮಟ್ಟಿಗೆ ಅದು ಅರ್ಧ ಸತ್ಯ ಮಾತ್ರ.

ಚಹಾದಂಗಡಿಯ ಮುಂದೆ ನಿಂತ ಕಾರು ಅವಂತಿ ಎಂದಿಟ್ಟುಕೊಳ್ಳೋಣ. ಭಾರತದಲ್ಲೇ ರೂಪಿಸಿ ತಯಾರಿಸಿದ ಸ್ಪೋರ್ಟ್ಸ್ ಕಾರು ಎಂದು ಹೆಸರಾದದ್ದು ಇದು. 2012ರ ಜನವರಿಯಲ್ಲಿ ದಿಲ್ಲಿಯ ಆಟೋ ಪ್ರದರ್ಶನದಲ್ಲಿ ಅದರ ಮಾದರಿಯನ್ನು ಮೊದಲು ತೋರಿಸಿದರು. ರೂಪಿಸಿದವರು ಮುಂಬಯಿಯ ದಿಲೀಪ್ ಛಾಬ್ರಿಯಾ. ಅಮೆರಿಕದ ಪಸಾಡೆನಾದಲ್ಲಿ ವಾಹನ ವಿನ್ಯಾಸ ಕಲಿತು ಬಂದು, ಬೇರೆ ಕಂಪನಿಗಳ ಕಾರುಗಳಿಗೆ ಹೊಸ ಮೈ ತೊಡಿಸುವ ಕೆಲಸದಿಂದ ಹೆಸರು ಮಾಡಿದವರು. 2004ರ 'ಟಾರ್ಜನ್' ಹಿಂದಿ ಚಿತ್ರದ ನೇರಳೆ ಕಾರು ಅವರದೇ ಕೈಕೆಲಸ. ಅದರ ಒಳಗಿದ್ದದ್ದು ಟೊಯೊಟಾ ಕಂಪನಿಯ ಸಣ್ಣ ಸ್ಪೋರ್ಟ್ಸ್ ಕಾರು. ಅವಂತಿಗೆ ರೆನೊ ಕಂಪನಿಯ ಎರಡು ಲೀಟರಿನ, ನಾಲ್ಕು ಸಿಲಿಂಡರಿನ, ಟರ್ಬೊ ಕೂಡಿಸಿದ ಪೆಟ್ರೋಲ್ ಇಂಜಿನ್ನು. ಶಕ್ತಿ ಸುಮಾರು 250 ಅಶ್ವಶಕ್ತಿ. ಅದು ಕುಳಿತಿರುವುದು ಮುಂದಲ್ಲ, ಸೀಟುಗಳ ಹಿಂದೆ. ಬೆಲೆ 35 ಲಕ್ಷ ರೂಪಾಯಿಯ ಆಸುಪಾಸು ಇತ್ತು. ತಯಾರಾದದ್ದು ಕೆಲವೇ ಕಾರುಗಳು. ಆದರೆ ಅದರ ರೂಪದ ಬಗ್ಗೆ ಆದ ಚರ್ಚೆ ಕಾರುಗಳ ಸಂಖ್ಯೆಗಿಂತ ಎಷ್ಟೋ ದೊಡ್ಡದು. ನಮ್ಮವರೂ ಇಂಥದ್ದು ಮಾಡಬಲ್ಲರು ಎಂದು ಹಿಗ್ಗಿದವರು ಒಂದು ಕಡೆ. ವಿದೇಶಿ ಕಾರುಗಳ ಕಣ್ಣು ಮೂಗು ಕದ್ದು ಜೋಡಿಸಿದಂತಿದೆ ಎಂದವರು ಇನ್ನೊಂದು ಕಡೆ.

ಮೊದಲು ಕಪ್ಪೆಯ ಮಾತು. ಕಾರು ನೆಲಕ್ಕೆ ಯಾಕೆ ಅಂಟಿಕೊಳ್ಳಬೇಕು? ಕಬ್ಬು ತುಂಬಿದ ಟ್ರಾಲಿ ತಿರುವಿನಲ್ಲಿ ಮಗ್ಗುಲಾಗುವುದನ್ನು ಈ ಭಾಗದವರು ಪ್ರತಿ ಹಂಗಾಮಿನಲ್ಲೂ ಕಾಣುತ್ತಾರೆ. ಭಾರ ಮೇಲಿದ್ದಷ್ಟೂ ಗುರುತ್ವಕೇಂದ್ರ ಮೇಲೇರುತ್ತದೆ, ಗಾಲಿಗಳ ನಡುವಿನ ಅಗಲ ಕಡಿಮೆಯಿದ್ದಷ್ಟೂ ಉರುಳುವುದು ಸಲೀಸು. ಅದನ್ನೇ ತಿರುಗಿಸಿ ಓದಿದರೆ ಸ್ಪೋರ್ಟ್ಸ್ ಕಾರು ಸಿಗುತ್ತದೆ: ಗುರುತ್ವಕೇಂದ್ರ ಕೆಳಗೆ, ಗಾಲಿಗಳು ದೂರ ದೂರ. ಕಪ್ಪೆ ಹೇಗೆ ಕುಳಿತರೂ ಮಗ್ಗುಲಾಗಿ ಬೀಳುವುದಿಲ್ಲ, ಅಲ್ಲವೇ? ಟ್ರ್ಯಾಕ್ಟರಿನವನು ನಗೆಯಾಡಲು ಹೇಳಿದ್ದು ಭೌತಶಾಸ್ತ್ರದ ಮಾತೇ ಆಗಿತ್ತು.

ಎರಡನೆಯ ಕಾರಣ ಗಾಳಿ. ಗಾಳಿಯ ತಡೆ ನಾಲ್ಕು ಸಂಗತಿಗಳನ್ನು ಅವಲಂಬಿಸಿದೆ: ಗಾಳಿಯ ಸಾಂದ್ರತೆ, ಎದುರಿನಿಂದ ಕಾಣುವ ವಿಸ್ತೀರ್ಣ, ಆಕಾರದ ಗುಣಾಂಕ, ಮತ್ತು ವೇಗದ ವರ್ಗ. ಈ ವರ್ಗ ಎಂಬುದರಲ್ಲೇ ಎಲ್ಲ ಇದೆ. ಎದುರಿನ ವಿಸ್ತೀರ್ಣ 2 ಚದರ ಮೀಟರ್, ಗುಣಾಂಕ 0.35 ಇರುವ ಒಂದು ಕಾರನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಗಾಳಿಯ ಸಾಂದ್ರತೆ ಘನ ಮೀಟರಿಗೆ 1.2 ಕಿಲೊಗ್ರಾಂ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಗಾಳಿ ಅದನ್ನು ಹಿಂದಕ್ಕೆ ತಳ್ಳುವ ಬಲ ಸುಮಾರು 81 ನ್ಯೂಟನ್. ಎಂಟು ಕಿಲೊ ಜೋಳದ ಚೀಲ ಕೈಯಲ್ಲಿ ಹಿಡಿದಷ್ಟು. 100ಕ್ಕೆ ಏರಿಸಿದರೆ ನಾಲ್ಕು ಪಟ್ಟು, 324 ನ್ಯೂಟನ್. 200ಕ್ಕೆ ಹದಿನಾರು ಪಟ್ಟು, ಸುಮಾರು 1,300 ನ್ಯೂಟನ್. ಇನ್ನು ಸಾಮರ್ಥ್ಯದ ಲೆಕ್ಕ. ಬಲವನ್ನು ವೇಗದಿಂದ ಗುಣಿಸಬೇಕಾದ್ದರಿಂದ ಅಲ್ಲಿ ವೇಗದ ಘನ ಬರುತ್ತದೆ. ಗಾಳಿಯನ್ನು ಸೀಳುವುದಕ್ಕಷ್ಟೇ 100 ಕಿ.ಮೀ. ವೇಗದಲ್ಲಿ 12 ಅಶ್ವಶಕ್ತಿ ಸಾಕು; 200ರಲ್ಲಿ 97ರ ಹತ್ತಿರ ಬೇಕು. ವೇಗದ ಕಾರನ್ನು ತಗ್ಗಿಸಿ, ಉಜ್ಜಿ, ನುಣುಪು ಮಾಡುವುದು ಯಾಕೆಂದು ಈಗ ಬೇರೆ ಹೇಳಬೇಕಿಲ್ಲ. ಉಗಾರದ ಕಾರ್ಖಾನೆಯ ದಾರಿಯಲ್ಲಿ ಗಂಟೆಗೆ 15 ಕಿ.ಮೀ. ಹೋಗುವ ಟ್ರ್ಯಾಕ್ಟರಿಗೆ ಈ ಚಿಂತೆಯೇ ಇಲ್ಲ. ಅದರ ಮುಂದೆ ದೇವರ ಫೋಟೊ, ಗೊಂಡೆ, ಹೂವಿನ ಹಾರ, ಏನು ಕಟ್ಟಿದರೂ ಗಾಳಿ ತಕರಾರು ಮಾಡುವುದಿಲ್ಲ.

ಇಲ್ಲಿ ನಮ್ಮ ಹುಡುಗ ಮಾಡುವ ಒಂದು ತಪ್ಪನ್ನು ಹೇಳಲೇಬೇಕು. ಕಾರು ಬರೆಯುವ ಮಕ್ಕಳೆಲ್ಲರೂ ಇದನ್ನು ಮಾಡುತ್ತಾರೆ. ವೇಗ ಎಂದರೆ ಮೂಗು ಚೂಪಾಗಿರಬೇಕು ಎಂದುಕೊಂಡು ಮುಂಭಾಗವನ್ನು ಬಾಣದ ಹಾಗೆ ಎಳೆಯುತ್ತಾರೆ. ಕುಡಚಿಯ ಬಳಿ ಕೃಷ್ಣಾ ನದಿಯಲ್ಲಿ ಹಿಡಿದ ಮೀನೊಂದನ್ನು ಎದುರಿಗಿಟ್ಟು ನೋಡಿದರೆ ತಿಳಿಯುತ್ತದೆ: ತಲೆ ದುಂಡು, ಮೈ ಮುಂದೆ ದಪ್ಪ, ಹಿಂದೆ ಹಿಂದೆ ಹೋದಂತೆ ತೆಳು. ನೀರಾಗಲಿ ಗಾಳಿಯಾಗಲಿ, ವಸ್ತುವಿನ ಮುಂದೆ ಸರಿದು ದಾರಿ ಬಿಡುವುದು ಕಷ್ಟವಲ್ಲ. ಹಿಂದೆ ಮತ್ತೆ ಕೂಡಿಕೊಳ್ಳುವುದೇ ಕಷ್ಟ. ಕೂಡಿಕೊಳ್ಳಲಾಗದಿದ್ದರೆ ಅಲ್ಲಿ ಸುಳಿಗಳು ಏಳುತ್ತವೆ, ಒತ್ತಡ ಇಳಿಯುತ್ತದೆ, ವಸ್ತುವನ್ನು ಹಿಂದಕ್ಕೆ ಎಳೆಯುತ್ತದೆ. ದುಂಡು ಚೆಂಡಿನ ತಡೆ ಗುಣಾಂಕ 0.47ರಷ್ಟಿದ್ದರೆ, ಹಿಂದೆ ಉದ್ದನೆಯ ಬಾಲವಿರುವ ನೀರಹನಿಯ ಆಕಾರದ್ದು 0.04ರಷ್ಟು. ಹತ್ತು ಪಟ್ಟಿಗೂ ಹೆಚ್ಚಿನ ವ್ಯತ್ಯಾಸ ಬಂದದ್ದು ಮೂಗಿನಿಂದಲ್ಲ, ಬಾಲದಿಂದ. ಹಾಗೆಂದು ಕಾರಿಗೆ ಎರಡು ಮೀಟರ್ ಬಾಲ ಹಚ್ಚಿದರೆ ಚಿಕ್ಕೋಡಿಯ ಬಸ್ ನಿಲ್ದಾಣದ ಮುಂದೆ ತಿರುಗಿಸುವುದು ಹೇಗೆ? 1930ರ ದಶಕದಲ್ಲಿ ಜರ್ಮನಿಯ ವುನಿಬಾಲ್ಡ್ ಕಾಮ್ ಎಂಬ ಇಂಜಿನಿಯರ್ ಇದಕ್ಕೊಂದು ಉಪಾಯ ಕಂಡುಕೊಂಡರು. ಬಾಲವನ್ನು ನಯವಾಗಿ ಇಳಿಸುತ್ತ ಬಂದು ಒಂದು ಕಡೆ ಕತ್ತರಿಸಿಬಿಟ್ಟರೆ ಲಾಭದ ಬಹುಪಾಲು ಉಳಿಯುತ್ತದೆ. ಅನೇಕ ಸ್ಪೋರ್ಟ್ಸ್ ಕಾರುಗಳ ಹಿಂಭಾಗ ಕೊಡಲಿಯಿಂದ ಕಡಿದಂತೆ ಇರುವುದು ಇದಕ್ಕೇ. ಅರ್ಧಕ್ಕೆ ಬಿಟ್ಟ ಕೆಲಸದಂತೆ ಕಾಣುತ್ತದೆ ಎಂದು ಹಳಿಯುವವರಿಗೆ ಇದು ಉತ್ತರ.

ಗಾಳಿ ಬರೀ ಹಿಂದಕ್ಕೆ ಎಳೆಯುವುದಿಲ್ಲ, ಮೇಲಕ್ಕೂ ಎತ್ತುತ್ತದೆ. ಬೆನ್ನು ದುಂಡಗಿದ್ದು ಕೆಳಗೆ ಚಪ್ಪಟೆಯಾಗಿದ್ದರೆ ಆ ಆಕಾರ ವಿಮಾನದ ರೆಕ್ಕೆಯ ನೆಂಟ. ಇದರ ಬೆಲೆ ಏನೆಂಬುದು ಒಂದು ಸಲ ಲೋಕಕ್ಕೇ ತಿಳಿಯಿತು. 1998ರಲ್ಲಿ ಜರ್ಮನಿಯ ಔಡಿ ಕಂಪನಿ ಟಿಟಿ ಎಂಬ ಸಣ್ಣ ಸ್ಪೋರ್ಟ್ಸ್ ಕಾರನ್ನು ಹೊರತಂದಿತು. ಮುಂದೂ ಹಿಂದೂ ಬೋಗುಣಿ ಕವುಚಿದಂತೆ ದುಂಡು. ವಿನ್ಯಾಸ ಬಲ್ಲವರು ಅದನ್ನು ಆ ದಶಕದ ಅತಿ ಚೆಂದದ ಕಾರುಗಳಲ್ಲಿ ಒಂದೆಂದು ಹೊಗಳಿದರು. ಆದರೆ ಅಲ್ಲಿನ ವೇಗದ ಹೆದ್ದಾರಿಗಳಲ್ಲಿ, ಅತಿ ವೇಗದಲ್ಲಿ ದಿಕ್ಕು ಬದಲಿಸುವಾಗ ಹಿಂಭಾಗ ಹಗುರಾಗಿ ಹಿಡಿತ ತಪ್ಪಿದ ಅಪಘಾತಗಳಾದವು, ಜನ ಸತ್ತರು. ಕಂಪನಿ ಮಾರಿದ ಕಾರುಗಳನ್ನು ಮರಳಿ ಕರೆಸಿ ಸಸ್ಪೆನ್ಶನ್ ತಿದ್ದಿತು, ಜಾರುವುದನ್ನು ತಡೆಯುವ ವಿದ್ಯುನ್ಮಾನ ವ್ಯವಸ್ಥೆ ಕೂಡಿಸಿತು, ಹಿಂದಿನ ಮುಚ್ಚಳದ ಮೇಲೆ ಒಂದು ಸಣ್ಣ ಪಟ್ಟಿ ಹಚ್ಚಿತು. ಗಾಳಿಯನ್ನು ಅಲ್ಲೇ ಕಡಿದು ಎತ್ತುವ ಬಲವನ್ನು ಇಳಿಸುವುದು ಆ ಪಟ್ಟಿಯ ಕೆಲಸ. ಪಟ್ಟಿ ಬಂದದ್ದರಿಂದ ರೂಪ ಕೆಟ್ಟಿತು ಎಂದು ಮರುಗಿದ ಅಭಿಮಾನಿಗಳೂ ಇದ್ದರು. ಕೆಟ್ಟಿದ್ದೇನೋ ನಿಜ. ಆದರೆ ಆ ಪಟ್ಟಿಯನ್ನು ವಿಕಾರ ಎನ್ನುವ ಮೊದಲು ಅದು ಯಾಕೆ ಬಂತೆಂಬುದನ್ನು ತಿಳಿದಿರಬೇಕು.

ಕಿವಿರಿನ ವಿಷಯ ಬೇಗ ಮುಗಿಯುತ್ತದೆ. ಇಂಜಿನ್ ಸೀಟಿನ ಹಿಂದಿದ್ದರೆ ಅದಕ್ಕೆ ಗಾಳಿ ಬೇಕು, ಬಾಗಿಲ ಹಿಂದೆ ಪಕ್ಕದಲ್ಲಿ ತೂತು ಕೊರೆಯಬೇಕು. ಇಂಜಿನ್ನನ್ನು ಅಲ್ಲಿಗೆ ತರುವುದೇ ಯಾಕೆಂದರೆ, ಭಾರ ನಡುವಿನ ಹತ್ತಿರ ಇದ್ದಷ್ಟೂ ಕಾರು ಬೇಗ ತಿರುಗುತ್ತದೆ. ಒಂದು ಕೋಲಿನ ಎರಡು ತುದಿಗೆ ನೀರು ತುಂಬಿದ ತಂಬಿಗೆ ಕಟ್ಟಿ ನಡುವೆ ಹಿಡಿದು ತಿರುಗಿಸಿ ನೋಡಿ. ಆಮೇಲೆ ಅವೆರಡನ್ನೂ ಕೈಯ ಹತ್ತಿರಕ್ಕೆ ಸರಿಸಿ ತಿರುಗಿಸಿ. ಬೇರೆ ವಿವರಣೆ ಬೇಕಾಗುವುದಿಲ್ಲ. ಇಂಜಿನ್ ಮುಂದೆಯೇ ಇರುವ ಕಾರಿಗೂ ಪ್ಲಾಸ್ಟಿಕ್ಕಿನ ಸುಳ್ಳು ಕಿವಿರು ಅಂಟಿಸುವುದುಂಟು. ಅದು ತೂತೇ ಇಲ್ಲದ ಕೊಳಲು.

ಮುಂದಿನ ಬಾಯಿ ಮಾತ್ರ ಚರ್ಚೆಗೆ ಬಿಟ್ಟದ್ದು. ಬ್ರೇಕಿಗೆ, ನೀರು ತಣಿಸುವುದಕ್ಕೆ ಎಷ್ಟು ಗಾಳಿ ಬೇಕೆಂಬುದು ಲೆಕ್ಕದ ಮಾತು. ಅದಕ್ಕಿಂತ ಎಷ್ಟು ದೊಡ್ಡದು ತೋರಿಸಬೇಕೆಂಬುದು ಜಂಭದ ಮಾತು. ಅವಂತಿಯ ಮುಖ ನೋಡಿ ನುಂಗಲು ಬಂದಂತಿದೆ ಎಂದವರ ಅಭಿಪ್ರಾಯ ಸುಮ್ಮನೆ ತೆಗೆದುಹಾಕತಕ್ಕದ್ದಲ್ಲ. ಅದಿಲ್ಲದಿದ್ದರೆ ದಾರಿಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ ಎನ್ನುವವರ ಮಾತೂ ಅಷ್ಟೇ ನಿಜ. ಹಂಪಿನ ವಿಷಯದಲ್ಲಿ ಮಿಸ್ತ್ರಿ ಸ್ವಲ್ಪ ಸೋತ. ಅವಂತಿಯ ಹೊಟ್ಟೆ ನೆಲದಿಂದ 17 ಸೆಂ.ಮೀ. ಮೇಲಿದೆ, ನಮ್ಮ ಸಾಮಾನ್ಯ ಕಾರುಗಳಷ್ಟೇ. ಇಟಲಿಯ ಸ್ಪೋರ್ಟ್ಸ್ ಕಾರುಗಳಲ್ಲಿ ಅಷ್ಟು ಇರುವುದಿಲ್ಲ. ನಮ್ಮ ರಸ್ತೆಗೆ ಒಗ್ಗಿಸಲು ಮೈಯನ್ನು ಎತ್ತಿದ್ದಾರೆ. ಎತ್ತಿದ್ದಕ್ಕೆ ನೆಲಕ್ಕಂಟಿದ ಆ ಚೆಲುವು ಒಂದಿಷ್ಟು ಕಡಿಮೆಯಾಗಿದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಇಷ್ಟೆಲ್ಲ ಆದಮೇಲೂ ಒಂದು ಕಾರು ಬೆಲೆಬಾಳುವಂತೆ ಕಾಣುತ್ತದೆ, ಇನ್ನೊಂದು ಅದೇ ಆಕಾರವಿದ್ದರೂ ಅಗ್ಗದ್ದೆನಿಸುತ್ತದೆ. ಯಾಕೆ? ಇದಕ್ಕೆ ಉತ್ತರ ಚಿಕ್ಕೋಡಿಯ ಯಾವುದೇ ಡೆಂಟಿಂಗ್–ಪೇಂಟಿಂಗ್ ಗ್ಯಾರೇಜಿನಲ್ಲಿದೆ. ಬಡಿದು ನೇರ ಮಾಡಿದ ಬಾಗಿಲನ್ನು ಮಿಸ್ತ್ರಿ ಎದುರು ನಿಂತು ನೋಡುವುದಿಲ್ಲ. ಬಗ್ಗಿ, ಒಂದು ಕಣ್ಣು ಮುಚ್ಚಿ, ಟ್ಯೂಬ್‌ಲೈಟಿನ ಪ್ರತಿಬಿಂಬ ಅದರ ಮೇಲೆ ಹೇಗೆ ಹರಿಯುತ್ತದೆಂದು ನೋಡುತ್ತಾನೆ. ತಗಡು ಅರ್ಧ ಮಿಲಿಮೀಟರ್ ತಗ್ಗಿದ್ದರೂ ಪ್ರತಿಬಿಂಬ ಅಲ್ಲಿ ಸೊಟ್ಟಗಾಗುತ್ತದೆ. ಪತನ ಕೋನಕ್ಕೆ ಪ್ರತಿಫಲನ ಕೋನ ಸಮ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಇದೇ. ಮೇಲ್ಮೈ ಒಂದು ಡಿಗ್ರಿ ವಾಲಿದರೆ ಬೆಳಕು ಎರಡು ಡಿಗ್ರಿ ತಿರುಗುತ್ತದೆ. ಕಣ್ಣಿಗೆ ಕಾಣದ ತಪ್ಪನ್ನು ಬೆಳಕು ಎರಡು ಪಟ್ಟು ಮಾಡಿ ತೋರಿಸುತ್ತದೆ.

ಮನೆಯಲ್ಲೇ ನೋಡಬಹುದು. ಒಂದು ಸ್ಟೀಲಿನ ತಂಬಿಗೆಯನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನಿಧಾನವಾಗಿ ತಿರುಗಿಸಿ. ಬೆಳಕಿನ ಗೆರೆ ಹೊಟ್ಟೆಯ ಮೇಲೆ ನಯವಾಗಿ ಹರಿದು ಬಂದು ಕೊರಳಿನ ಹತ್ತಿರ ಥಟ್ಟನೆ ಮುರಿಯುತ್ತದೆ. ಅಲ್ಲಿ ತಗಡು ಮುರಿದಿಲ್ಲ, ಬಾಗಿನ ಪ್ರಮಾಣ ಮಾತ್ರ ಒಮ್ಮೆಲೇ ಬದಲಾಗಿದೆ. ಒಳ್ಳೆಯ ಕಾರು ರೂಪಿಸುವವರು ತಿಂಗಳುಗಟ್ಟಲೆ ಹೆಣಗುವುದು ಈ ಗೆರೆಯ ಜೊತೆ. ಕಾರಿನ ಪೂರ್ಣ ಗಾತ್ರದ ಮಣ್ಣಿನ ಮಾದರಿ ಮಾಡಿ, ಮೇಲೆ ಹೊಳೆಯುವ ಹಾಳೆ ಹೊದಿಸಿ, ದೀಪದ ಸಾಲಿನ ಕೆಳಗೆ ನಿಲ್ಲಿಸಿ ನೋಡುತ್ತಾರೆ. ಈಗ ಗಣಕಯಂತ್ರದ ಪರದೆಯ ಮೇಲೂ ಕಪ್ಪು–ಬಿಳಿ ಪಟ್ಟೆ ಹರಿಸಿ ಪರೀಕ್ಷಿಸುತ್ತಾರೆ. ಆದರೂ ಮಣ್ಣಿನ ಮಾದರಿ ಹೋಗಿಲ್ಲ. ಕೈಯಿಂದ ಕೆಲವೇ ಕಾರು ಕಟ್ಟುವಾಗ ಎಡವುವುದು ಹೆಚ್ಚಾಗಿ ಇಲ್ಲಿಯೇ: ಬಾಗಿಲಿಗೂ ಮೈಗೂ ನಡುವಿನ ಸಂದು ಒಂದು ಕಡೆ 4 ಮಿಲಿಮೀಟರ್, ಇನ್ನೊಂದು ಕಡೆ 6. ನೋಡುವವನಿಗೆ ಏನು ತಪ್ಪಾಗಿದೆಯೆಂದು ಹೇಳಲು ಬರುವುದಿಲ್ಲ. ಏನೋ ಸರಿಯಿಲ್ಲ ಎನಿಸುತ್ತದೆ, ಅಷ್ಟೇ.

ಕಾರಿಗೆ ಬೇಕಾದ ಮೈ ಹೊಲಿಸುವ ಪದ್ಧತಿ ಹೊಸದಲ್ಲ. ನಿಪ್ಪಾಣಿಯ ಹೆದ್ದಾರಿಯಲ್ಲಿ ಲಾರಿಗಳ ಬರಿಯ ಚಾಸಿಗಳು ಸಾಲಾಗಿ ಹೋಗುವುದನ್ನು ಯಾರು ಕಂಡಿಲ್ಲ? ಗಾಲಿ, ಇಂಜಿನ್, ಸ್ಟೇರಿಂಗ್ ಅಷ್ಟೇ. ಮುಖಕ್ಕೆ ಬಟ್ಟೆ ಸುತ್ತಿಕೊಂಡ ಡ್ರೈವರ್ ಬಯಲಲ್ಲೇ ಕುಳಿತಿರುತ್ತಾನೆ. ಮೈ ಕಟ್ಟುವುದು ಬೇರೆ ಊರಲ್ಲಿ, ಬೇರೆಯವರು. ನೂರು ವರ್ಷದ ಹಿಂದೆ ದೊಡ್ಡ ಕಾರುಗಳೂ ಹೀಗೆಯೇ ಬರುತ್ತಿದ್ದವು. ಇಂದೋರಿನ ಮಹಾರಾಜ ಯಶವಂತರಾವ್ ಹೋಳ್ಕರ್ 1930ರ ದಶಕದಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಚಾಸಿ ತರಿಸಿ ಅದಕ್ಕೆ ಇಂಗ್ಲೆಂಡಿನಲ್ಲಿ ಸ್ಪೋರ್ಟ್ಸ್ ಕಾರಿನ ಮೈ ಕಟ್ಟಿಸಿದ್ದರು. ದೂರ ಯಾಕೆ, ಕೊಲ್ಹಾಪುರದ ದಸರೆಯಲ್ಲಿ ಛತ್ರಪತಿ ಮನೆತನದವರು ಕುಳಿತು ಬರುವ ಹಳೆಯ ಮೇಬ್ಯಾಕ್ ಮೋಟಾರನ್ನು ಗಡಿಯ ಈಚೆಯಿಂದ ಹೋಗಿ ನೋಡಿ ಬಂದವರು ಎಷ್ಟೋ ಜನರಿದ್ದಾರೆ. ಅದೂ ಅದೇ ಕಾಲದ ಪದ್ಧತಿಯ ಕೂಸು.

ಈ ಕಾಲದಲ್ಲಿ ಅದನ್ನು ಮತ್ತೆ ಮಾಡಿಸಿದವರು ಅಮೆರಿಕದ ಜೇಮ್ಸ್ ಗ್ಲಿಕನ್‌ಹಾಸ್. ಫೆರಾರಿ ಕಂಪನಿಯ ಎಂಜೊ ಎಂಬ, 400 ಮಾತ್ರ ತಯಾರಾದ ಕಾರನ್ನು ಕೊಂಡು, ಅದರ ಮೈ ಬಿಚ್ಚಿಸಿ, 1967ರ ಒಂದು ಪಂದ್ಯದ ಕಾರಿನ ನೆನಪಿನಲ್ಲಿ ಹೊಸ ಮೈ ಮಾಡಿಸಿದರು. ಮಾಡಿಕೊಟ್ಟದ್ದು ಇಟಲಿಯ ಪಿನಿನ್‌ಫಾರಿನಾ ಸಂಸ್ಥೆ. 2006ರಲ್ಲಿ ಅದನ್ನು ಜನರಿಗೆ ತೋರಿಸಿದಾಗ ಇಡೀ ಲೋಕ ಎರಡು ಪಕ್ಷವಾಯಿತು. ಅಪರೂಪದ ಕಾರನ್ನು ಹಾಳುಮಾಡಿದರು ಎಂದವರು ಒಂದು ಪಕ್ಷ, ಮೂಲಕ್ಕಿಂತ ಇದೇ ಚೆಂದ ಎಂದವರು ಇನ್ನೊಂದು. ಆದರೆ ಅದನ್ನು ಗಾಳಿ ಸುರಂಗದಲ್ಲಿ ಪರೀಕ್ಷಿಸಿಯೇ ಹೊರಗೆ ತಂದಿದ್ದರು ಎಂಬುದನ್ನು ಮರೆಯಬಾರದು. ಅಭಿರುಚಿಯ ಜಗಳ ಶುರುವಾಗುವ ಮೊದಲು ಗಾಳಿಯ ಜಗಳ ಮುಗಿದಿತ್ತು.

ಕರ್ನಾಟಕದ ಹೆಸರಿಗೂ ಒಂದು ಸ್ಪೋರ್ಟ್ಸ್ ಕಾರು ಉಂಟು. ರೈಲು ಇಂಜಿನ್ನುಗಳನ್ನು ಮಾಡುವ ಬೆಂಗಳೂರಿನ ಸ್ಯಾನ್ ಸಂಸ್ಥೆಯವರು 1990ರ ದಶಕದ ಕೊನೆಯಲ್ಲಿ ಸ್ಟಾರ್ಮ್ ಎಂಬ ಎರಡು ಸೀಟಿನ, ಮೇಲು ತೆರೆದ ಕಾರನ್ನು ತಂದರು. ತಯಾರಾಗುತ್ತಿದ್ದದ್ದು ಗೋವಾದಲ್ಲಿ. ಮೈ ಫೈಬರಿನದು, ಇಂಜಿನ್ 1,149 ಸಿ.ಸಿ., 60 ಅಶ್ವಶಕ್ತಿ. ನೋಡಿದರೆ ಗಾಳಿಯ ಮಗ, ಓಡಿದರೆ ಸಾಧಾರಣ ಕಾರು ಎಂಬ ಟೀಕೆ ಅದಕ್ಕೆ ಬಂತು. ಈ ಟೀಕೆಯಲ್ಲಿ ಹುರುಳಿದೆ, ಏಕೆಂದರೆ ರೂಪವೂ ಒಂದು ಬಗೆಯ ಮಾತು ಕೊಟ್ಟ ಹಾಗೆಯೇ. ಆದರೆ ಸಣ್ಣ ಇಂಜಿನ್ನಿನ, ಹಗುರ ಮೈಯ, ಸಂಜೆ ಗಾಳಿಗೆ ಮುಖವೊಡ್ಡಿ ಹೋಗುವ ಕಾರಿನ ಸುಖವೇ ಬೇರೆ. 250 ಅಶ್ವಶಕ್ತಿಯನ್ನು ಹಂಪಿನಿಂದ ಹಂಪಿಗೆ ತಳ್ಳಿಕೊಂಡು ಹೋಗುವುದಕ್ಕಿಂತ ನಮ್ಮ ರಸ್ತೆಗೆ ಅದೇ ಹೆಚ್ಚು ಒಪ್ಪುವಂಥದ್ದು.

ಚಾಸಿ ಬೇರೆ, ಮೈ ಬೇರೆ ಎಂಬ ಕಾಲ ಕಾರುಗಳ ಮಟ್ಟಿಗೆ ಮುಗಿದಿದೆ. ಇಂದಿನ ಕಾರುಗಳಲ್ಲಿ ಬಹುಮಟ್ಟಿಗೆ ತಗಡಿನ ಮೈಯೇ ಭಾರ ಹೊರುತ್ತದೆ. ಢಿಕ್ಕಿಯಾದಾಗ ಎಲ್ಲಿ ಮಡಚಿಕೊಳ್ಳಬೇಕು, ಎಲ್ಲಿ ಗಟ್ಟಿಯಾಗಿ ನಿಲ್ಲಬೇಕು ಎಂದು ಲೆಕ್ಕ ಹಾಕಿ ಅದನ್ನು ಮಾಡಿರುತ್ತಾರೆ. ಅದನ್ನು ಊರ ವೆಲ್ಡಿಂಗ್ ಅಂಗಡಿಯಲ್ಲಿ ಕತ್ತರಿಸಿ ತಗ್ಗಿಸುವುದೆಂದರೆ ಮನೆಯ ತೊಲೆ ತೆಗೆದು ಕಿಟಕಿ ಇಟ್ಟಂತೆ. ಕಾನೂನೂ ಒಪ್ಪುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ರಚನೆಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಕಾಲೇಜಿಗೆ ಹೋಗುವ ಮಗ ಬೈಕಿನ ಮಡ್‌ಗಾರ್ಡ್ ಕಿತ್ತು, ಕನ್ನಡಿ ಬಿಚ್ಚಿ, ಸೈಲೆನ್ಸರ್ ಬದಲಿಸಿ ತಂದಾಗ ಹೊಗಳುವ ಗೆಳೆಯರೂ, ಹೋಗಲಿ ಬಿಡು ಎನ್ನುವ ತಂದೆಯರೂ ಇದನ್ನು ತಿಳಿದಿರುವುದು ಒಳ್ಳೆಯದು.

ಅಥಣಿ, ರಾಯಬಾಗ, ಕಾಗವಾಡದ ದಾರಿಗಳಲ್ಲಿ ಹಂಗಾಮಿನ ರಾತ್ರಿ ಓಡಾಡುವವರಿಗೆ ಇನ್ನೂ ಒಂದು ವಿಷಯ ಗೊತ್ತಿದೆ. ಟ್ರ್ಯಾಕ್ಟರಿನ ಮುಂದೆ ಸಾವಿರಾರು ರೂಪಾಯಿಯ ಬಣ್ಣದ ದೀಪ, ಹಾಡಿನ ಪೆಟ್ಟಿಗೆ. ಟ್ರಾಲಿಯ ಹಿಂದೆ ಮಾತ್ರ ಕತ್ತಲು. ಹಿಂದೆ ಅಂಟಿಸುವ ಕೆಂಪು ಪ್ರತಿಫಲನ ಪಟ್ಟಿಯಲ್ಲಿ ಸಣ್ಣ ಸಣ್ಣ ಗಾಜಿನ ಮಣಿಗಳೋ ಪಟ್ಟಕಗಳೋ ಇರುತ್ತವೆ; ಬೆಳಕು ಯಾವ ಕಡೆಯಿಂದ ಬಂತೋ ಅದೇ ಕಡೆಗೆ ಅವು ತಿರುಗಿಸಿ ಕಳಿಸುತ್ತವೆ. ಕರೆಂಟು ಬೇಡ, ಬ್ಯಾಟರಿ ಬೇಡ. ಹಿಂದಿನಿಂದ ಬರುವ ಬೈಕಿನವನಿಗೆ ಅದು ಅವನದೇ ದೀಪದಲ್ಲಿ ಹೊಳೆದು ಕಾಣುತ್ತದೆ. ವಾಹನದ ಅಲಂಕಾರಗಳಲ್ಲೆಲ್ಲ ಇಷ್ಟು ಅಗ್ಗದ್ದೂ ಇಷ್ಟು ಬೆಲೆಯುಳ್ಳದ್ದೂ ಇನ್ನೊಂದಿಲ್ಲ.

ಇನ್ನು ನೋಟ್‌ಬುಕ್ಕಿನ ಹುಡುಗ. ಕಾರು ಬರೆಯುವುದು ಹೊತ್ತು ಕಳೆಯುವ ಆಟ ಎಂದು ತಂದೆತಾಯಿ ತಿಳಿಯಬೇಕಿಲ್ಲ. ಅದನ್ನೇ ಕಲಿಸುವ ಸಂಸ್ಥೆಗಳಿವೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಷ್ಟು ಹಳೆಯದು. ಅದರ ಗಾಂಧಿನಗರದ ಆವರಣದಲ್ಲಿ ಪದವಿಯಾದವರಿಗೆ ವಾಹನ ವಿನ್ಯಾಸದ ಪಾಠವೇ ಇದೆ. ಪಿ.ಯು.ಸಿ. ನಂತರ ವಿನ್ಯಾಸದ ಪದವಿಗೆ ಸೇರಲು ಮುಂಬಯಿಯ ಐ.ಐ.ಟಿ. 2015ರಿಂದ ಯುಸೀಡ್ ಎಂಬ ಪ್ರವೇಶ ಪರೀಕ್ಷೆ ನಡೆಸುತ್ತಿದೆ. ವಿಜ್ಞಾನ, ವಾಣಿಜ್ಯ, ಕಲೆ ಯಾವ ವಿಭಾಗದವರೂ ಬರೆಯಬಹುದು. ಸೀಟುಗಳು ಕಡಿಮೆ, ಪೈಪೋಟಿ ಹೆಚ್ಚು. ಬರೀ ಚಿತ್ರ ಚೆನ್ನಾಗಿದ್ದರೆ ಸಾಲದು. ಬರೆದದ್ದನ್ನು ಯಾಕೆ ಹಾಗೆ ಬರೆದೆ ಎಂದರೆ ಹೇಳಲು ಬರಬೇಕು.

ಹುಡುಗನ ಕಾರಿಗೂ ಒಂದು ತೊಂದರೆ ಇತ್ತು. ಅವಂತಿಯ ಹಾಗೆ ಎತ್ತರ 120 ಸೆಂ.ಮೀ. ಎಂದು ಬರೆದುಕೊಂಡ. ಹೊಟ್ಟೆಯ ಕೆಳಗೆ 17 ಹೋಯಿತು. ತಳದ ತಗಡು, ಸೀಟಿನ ಮೆತ್ತೆ, ಮೇಲಿನ ಛಾವಣಿ ಎಲ್ಲ ಸೇರಿ 18 ಎಂದು ಹಿಡಿದ. ಉಳಿದದ್ದು 85. ಅದರಲ್ಲಿ ಮನುಷ್ಯ ಹಿಡಿಸುತ್ತಾನೆಯೇ? ಟೇಪು ತಂದು, ಹೊಲದಿಂದ ಬಂದು ಕಟ್ಟೆಯ ಮೇಲೆ ದಣಿವಾರಿಸಿಕೊಳ್ಳುತ್ತಿದ್ದ ತಂದೆಯ ಮುಂದೆ ನಿಂತ.

"ಅಪ್ಪಾ, ಗೋಡಿಗಿ ಬೆನ್ನ ಹಚ್ಚಿ ನೆಟ್ಟಗ ಕೂಡ್ರಿ ಸ್ವಲ್ಪ."

"ಯಾಕಲೇ, ಅಂಗಿ ಹೊಲಸ್ತಿ ಏನ?"

"ಅಂಗಿ ಅಲ್ರಿ, ಕಾರ."

ಅಳೆದರೆ 90. ಟೋಪಿ ತೆಗೆಸಿ ಮತ್ತೆ ಅಳೆದ: 87. ಎರಡು ಸೆಂಟಿಮೀಟರ್ ಸಾಲದು, ತಲೆ ಛಾವಣಿಗೆ ಬಡಿಯುತ್ತದೆ. ಹುಡುಗ ಸ್ವಲ್ಪ ಹೊತ್ತು ಯೋಚಿಸಿ, ತಂದೆಯ ಬೆನ್ನ ಹಿಂದೆ ಒಂದು ದಿಂಬು ಇಟ್ಟು ಹಿಂದಕ್ಕೆ ಒರಗಿಸಿದ. ಬೆನ್ನು ನೆಟ್ಟಗಿನಿಂದ 30 ಡಿಗ್ರಿ ವಾಲಿದರೆ ಎತ್ತರ 87ನ್ನು ಕಾಸ್ 30ರಿಂದ, ಅಂದರೆ 0.866ರಿಂದ ಗುಣಿಸಿದಷ್ಟು: ಸುಮಾರು 75. ಹತ್ತು ಸೆಂಟಿಮೀಟರ್ ಉಳಿಯಿತು. ಸ್ಪೋರ್ಟ್ಸ್ ಕಾರಿನ ಸೀಟು ಆರಾಮಕುರ್ಚಿಯಂತೆ ಯಾಕೆ ಒರಗಿರುತ್ತದೆ, ಮುಂದಿನ ಗಾಜು ಯಾಕೆ ಅಷ್ಟು ವಾಲಿರುತ್ತದೆ ಎಂಬುದು ಆ ಹಾಳೆಯ ಮೇಲೆ ತಾನಾಗಿ ಬಂದುಬಿಟ್ಟಿತ್ತು. ತಂದೆ ಒರಗಿದಲ್ಲೇ ಟೋಪಿ ಮತ್ತೆ ತಲೆಗಿಟ್ಟುಕೊಂಡರು. ಹುಡುಗ ಮೂರು ಸೆಂಟಿಮೀಟರ್ ಕೂಡಿಸಿ ನೋಡಿದ. ಇನ್ನೂ ಏಳು ಉಳಿದಿತ್ತು.